ಮೀನಿನ ಮನೆಯ ಭೋಂಗಾ

ನಮ್ಮ ಮನೆಯಲ್ಲಿ ಹಗಲೂ ರಾತ್ರಿ ನೀರಿನ ಸುಖ ಇರುವವರು ಇಬ್ಬರೇ. ಇಬ್ಬರೂ ಮೀನುಗಳು. ಉಳಿದ ನಾವು, ಅಂದರೆ ನಾನು, ನಮ್ಮವರು, ಅತ್ತೆ ಮತ್ತು ಇನ್ನೂ ಮಾತು ಕಲಿಯುತ್ತಿರುವ ಮುನ್ನಿ, ವಾರಕ್ಕೊಮ್ಮೆ ಬರುವ ನಳದ ದರ್ಶನಾಕಾಂಕ್ಷಿಗಳು. ಈ ಬರಗಾಲದಲ್ಲಿ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಬರುತ್ತಿದೆಯಂತೆ. ಬೀದರದ ನಮ್ಮ ಮೈಲೂರು ಬಡಾವಣೆಗೆ ನಳ ಯಾವ ಮುಹೂರ್ತದಲ್ಲಿ ಬರುತ್ತದೆಂದು ನೀರು ಬಿಡುವವನಿಗೂ ಗೊತ್ತಿಲ್ಲ.

ಮೀನುಗಳೂ ಅಂಥಿಂಥವಲ್ಲ, ಸಮುದ್ರದವು. ಕಿತ್ತಳೆ ಮೈಗೆ ಬಿಳಿ ಪಟ್ಟಿ. ಜೊತೆಗೆ ಹೂವಿನಂತೆ ಅರಳುವ ಹವಳ. ಕಡಲು ಕಾಣದ ಬೀದರದಲ್ಲಿ ಪಾಕೀಟಿನ ಉಪ್ಪು ಕಲಸಿ ನಮ್ಮವರು ಗಾಜಿನ ತೊಟ್ಟಿಯೊಳಗೆ ಕಡಲು ಕಟ್ಟಿದ್ದಾರೆ. ಬಿಸಿಲಿಗೆ ಆ ಕಡಲು ಆರುತ್ತದೆ. ದಿನಾ ಒಂದು ತಂಬಿಗೆ ಸೋಸಿದ ಸಿಹಿನೀರು ಕುಡಿಸಬೇಕು.

ಕಳೆದ ವಾರ ಎಲ್ಲರೂ ಮಲಗಿದ್ದಾಗ ನಳ ಬಂದು ಹೋಯಿತು. ಮೆಹಕರ ಹಳ್ಳಿಯಲ್ಲಿ ಬಾವಿ ಸೇದಿ ಬೆಳೆದ ಅತ್ತೆ ಈರಮ್ಮನವರು ಮಗನಿಗೆ ತೀರ್ಪು ಕೊಟ್ಟರು:

"ಶಿವರಾಜಾ, ಇನ್ನೊಮ್ಮಿ ನಳ ತಪ್ಪಿತಂದ್ರ ನಿನ್ನ ಮೀನ ಹೈದ್ರಾಬಾದಿನ ಅಂಗಡಿಗಿ ವಾಪಸ್. ಮಂದಿಗಿ ಕುಡ್ಯಾಕ ನೀರಿಲ್ಲ, ಇವಕ್ಕ ಈಜಾಕ ಬೇಕಂತ!"

ಮೀನು ಹೋದರೆ ನಮ್ಮವರಿಗಿಂತ ಹೆಚ್ಚಿನ ಕಷ್ಟ ನನಗೆ. ಮುನ್ನಿ ಉಣ್ಣುವುದು ತೊಟ್ಟಿಯ ಮುಂದೆ ಮಾತ್ರ. ಮೀನು ಬಾಯಿ ತೆರೆದರೆ ಇವಳೂ ತೆರೆಯುತ್ತಾಳೆ. ಆ ಸಂದಿಯಲ್ಲಿ ನಾನು ತುತ್ತು ತೂರಿಸಬೇಕು.

ಈ ನಡುವೆ ತೊಟ್ಟಿ ಕಾಯಲು ನಮ್ಮವರು ಮಷಿನ್ ಒಂದನ್ನು ತರಿಸಿದರು. ಒಂದು ತಾಯಿಡಬ್ಬಿ, ಅದಕ್ಕೆ ವೈರಿನಿಂದ ಜೋಡಿಸಲು ಮೂರು ಮರಿಗಳು. ಮೊದಲನೆಯದು ತೊಟ್ಟಿಯ ಮೋಟಾರು, ದೀಪಗಳನ್ನು ತಾನೇ ಹಚ್ಚಿ ಆರಿಸುವ ಪ್ಲಗ್ಗುಗಳ ಪಟ್ಟಿ. ಎರಡನೆಯದು ನೀರಿನ ಉಪ್ಪು ಅಳೆಯುವಂಥದು. ಮೂರನೆಯದು ಸೋರಿಕೆಯ ಕಾವಲುಗಾರ: ಅದರ ಬಿಲ್ಲೆಗೆ ಹನಿ ತಾಗಿದರೆ ಸಾಕು, ಗಿರಣಿಯ ಸೈರನ್ನಿನಂತೆ ಭೋಂಗಾ ಕೂಗುತ್ತದೆ.

ರವಿವಾರವಿಡೀ ನಮ್ಮವರು ತೊಟ್ಟಿಯ ಕೆಳಗಿನ ಕಪಾಟಿನೊಳಗೆ. ಹೊರಗೆ ಪಾದದ್ವಯ ಮಾತ್ರ. ಎರಡು ಮರಿಗಳು ಹಸಿರು ಕಣ್ಣು ಬಿಟ್ಟವು. ಮೂರನೆಯದನ್ನು ಜೋಡಿಸಿದರೆ ಅದೂ ಬಿಡದು, ಎರಡನೆಯದೂ ಮುಚ್ಚಿಕೊಳ್ಳುತ್ತದೆ.

"ವೈರ್ ಖರಾಬ್ ಅದ," ಎಂದವು ಪಾದಗಳು.

"ವೈರಲ್ರಿ, ಹಸಿವಿ. ಮೂರೂ ತಾಯಿಡಬ್ಬೀ ಕರೆಂಟೇ ತಿಂತಾವ. ಒಂದ ಒಲಿಮ್ಯಾಲ ಎಷ್ಟು ಮಂದಿಗಿ ರೊಟ್ಟಿ ಆಗ್ತಾವ? ಮೂರನೇದ್ದಕ್ಕ ಬ್ಯಾರೆ ಒಲಿ ಹೂಡ್ರಿ."

"ಅದನ್ನೇ ನಾನೂ ಹೇಳಾಂವ ಇದ್ದೆ."

(ಯಾವಾಗ ಎಂದು ನಾನು ಕೇಳಲಿಲ್ಲ. ಸಂಸಾರ ನಡೆಯಬೇಕಲ್ಲ.)

ಆ ಮರಿಯ ಬೆನ್ನಲ್ಲಿ ಅಡಾಪ್ಟರ್ ಚುಚ್ಚುವ ತೂತು ಇದ್ದೇ ಇತ್ತು. ಹಳೇ ಟಿವಿ ಡಬ್ಬಿಯ ಅಡಾಪ್ಟರ್ ಹುಡುಕಿದೆ. ಎರಡರ ಮೇಲೂ ಹನ್ನೆರಡು ವೋಲ್ಟ್ ಎಂದೇ ಇದೆಯೆಂದು ಓದಿಕೊಂಡು ಚುಚ್ಚಿದೆ. ಪಟ್ಟನೆ ಕಣ್ಣು ಬಿಟ್ಟಿತು! ಪಾದಗಳು ಹೊರಬಂದು ಪೂರ್ಣ ಗಂಡನಾದವು.

"ಈಗ ನೋಡು, ನೀರು ಸೋರಿತಂದ್ರ ಪಟ್ಟಿಗಿ ಚುಚ್ಚಿದ ಮೋಟಾರ್ ಎಲ್ಲಾ ತಾನೇ ಬಂದ್ ಆಗಂಗ ಮಾಡೀನಿ," ಎಂದು ವಿವರಿಸತೊಡಗಿದರು. ನಾನು ಕೇಳುತ್ತಿರಲಿಲ್ಲ. ನನ್ನ ತಲೆಯಲ್ಲಿ ಮಹದಾಲೋಚನೆಯೊಂದು ಉದಯಿಸಿತ್ತು: ನೀರು ತಾಗಿದರೆ ಕೂಗುವ ಯಂತ್ರಕ್ಕೆ ತೊಟ್ಟಿಯ ಕೆಳಗೇನು ಕೆಲಸ? ನಳದ ಕೆಳಗೆ ಕೂರಲಿ!

ಮರುದಿನ ನಮ್ಮವರು ಕಚೇರಿಗೆ ಹೋದದ್ದೇ ತಡ, ಮೂರನೆಯ ಮರಿಯನ್ನು ತಾಯಿಡಬ್ಬಿಯ ವೈರ್ ಬಿಚ್ಚದೆಯೇ ಕಿಟಕಿಗೆ ಎಳೆದು, ಬಿಲ್ಲೆಯನ್ನು ಅಂಗಳದ ನಳದ ಕೆಳಗೆ ಒಣ ಬಕೇಟಿನಲ್ಲಿಟ್ಟೆ. ಅಡಾಪ್ಟರಿಗೆ ಜಾಗ ಬೇಕಲ್ಲ? ಕಿಟಕಿಯ ಬಳಿ ಇದ್ದದ್ದು ನಳದ ನೀರೆಳೆಯುವ ಮೋಟಾರಿನ ಪ್ಲಗ್ ಒಂದೇ. (ನಳಕ್ಕೆ ಮೋಟಾರ್ ಹಚ್ಚಬಾರದೆಂದು ಹುಕುಂ ಇದೆ. ಓಣಿಯೆಲ್ಲ ಹಚ್ಚುವುದರಿಂದ, ಹಚ್ಚದವರ ನಳದಲ್ಲಿ ಗಾಳಿ ಮಾತ್ರ ಬರುತ್ತದೆ.) ಅಲ್ಲಿ ಅಡಾಪ್ಟರ್ ಕೂರಿಸಿ, ಮೋಟಾರಿನ ವೈರನ್ನು ಮಷಿನ್ನಿನ ಪಟ್ಟಿಯಲ್ಲಿ ಖಾಲಿಯಿದ್ದ ಕಡೆ ಚುಚ್ಚಿದೆ.

ಬುಧವಾರ ಮುನ್ನಿಗೆ ಬೇಳೆ ಅನ್ನ ಕಲಸುತ್ತಿದ್ದೆ. ಭೋಂಗಾ ಕೂಗಿತು! ಕೋಟೆಯವರೆಗೂ ಕೇಳಿರಬೇಕು. ಓಡಿ ಮೋಟಾರಿನ ಸ್ವಿಚ್ ಒತ್ತಿದೆ. ಮೋಟಾರು ಮೌನವ್ರತ. ಮತ್ತೆ ಒತ್ತಿದೆ. ಎರಡು ಗುದ್ದೂ ಕೊಟ್ಟೆ.

"ಕರೆಂಟ್ ಹೋಗ್ಯಾದೇನವಾ?" ಎಂದರು ಅತ್ತೆ.

"ಇಲ್ರಿ ಅತ್ತಿ, ಫ್ಯಾನ್ ತಿರಗಲಾಕ್ಹತ್ಯಾದ!"

ಅಷ್ಟರಲ್ಲಿ ಭೋಂಗಾ ಕೇಳಿದ ಓಣಿಯ ಹೆಂಗಸರೆಲ್ಲ ಎದ್ದು ತಂತಮ್ಮ ಮೋಟಾರ್ ಹಚ್ಚಿದರು. ನಮ್ಮ ನಳದ ನೀರು ದಾರವಾಗಿ, ಹನಿಯಾಗಿ, ಕೊನೆಗೆ ಉಸ್ಸೆಂದು ಗಾಳಿಯಾಯಿತು. ನಮ್ಮವರಿಗೆ ಫೋನ್ ಹಚ್ಚಿದೆ.

"ಭೋಂಗಾ ಕೂಗ್ತಾ? ಮೋಟಾರ್ ಬಂದ್ ಆತಾ? ಅರೇ ವ್ಹಾ! ಅಗದಿ ಬರಾಬರ್ ಕೆಲಸ ಮಾಡ್ಯಾದ! ಜಲ್ದಿ ನೋಡು, ಎಲ್ಲಿ ಸೋರಲಾಕ್ಹತ್ಯಾದ?"

"ಸೋರಿದ್ರ ಹಿಡಕೋತಿದ್ದೆನಲ್ರಿ!" ಎಂದು ಅತ್ತೇಬಿಟ್ಟೆ.

ವೈರಿನ ವೃತ್ತಾಂತವನ್ನೆಲ್ಲ ಅವರಿಗೆ ಒಪ್ಪಿಸಿದೆ. "ನೀರು ಸೋರಿತಂತ ತಿಳದು ಪಟ್ಟಿಗಿ ಚುಚ್ಚಿದ ಮೋಟಾರ್ ಬಂದ್ ಮಾಡ್ಯಾದ. ಅದಕ್ಕ ಬ್ಯಾರೆ ಒಲಿ ಹೂಡಿಕೊಟ್ಟಾಕಿ ನೀನೇ. ಈಗ ನಿನ್ನ ಒಲೀನೇ ಆರಸ್ತು ನೋಡು," ಎಂದರು. ನಾನು ಪ್ಲಗ್ ಬದಲಿಸುವಷ್ಟರಲ್ಲಿ ನೀರು ನಿಂತಿತ್ತು.

ಅತ್ತೆ ತೊಟ್ಟಿಯತ್ತ ನೋಡಿದರು. ಮೀನು ಬಾಯಿ ತೆರೆಯಿತು, ಮುನ್ನಿಯೂ ತೆರೆದಳು. ತುತ್ತಿಡಲು ನನ್ನ ಕೈ ಏಳಲಿಲ್ಲ.

ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಚಂದ್ರಭಾಗಾ ತುಂಬಿದ ಕೊಡ ದಾಟಿಸಿದಳು. "ತಗೋರಿ ವೈನಿ. ನಿಮ್ಮ ಭೋಂಗಾ ಇಲ್ದಿದ್ರ ಈ ವಾರಾನೂ ನಾವೆಲ್ಲ ಒಣಗತಿದ್ದಿವಿ." ಅವಳ ಹಿಂದೆ ಎದುರುಮನೆಯ ಸಖುಬಾಯಿಯ ಬಕೇಟು, ಅದರ ಹಿಂದೆ ಯಾರದೋ ತಾಮ್ರದ ಘಾಗರ. ನಮ್ಮ ಹಂಡೆ ತುಂಬಿತು. ಅತ್ತೆ ತಾವೇ ಒಂದು ತಂಬಿಗೆ ಮೀನಿನ ಪಾಲೆಂದು ಎತ್ತಿಟ್ಟರು.

"ಇರಲಿ ಬಿಡು ಮೀನ. ಇವು ಹೋದ್ರ ಭೋಂಗಾನೂ ಹೋಗ್ತದ."

ಎಲ್ಲ ಸುಖಾಂತವೇ. ತೊಡಕು ಒಂದೇ: ಮುನ್ನಿಗೆ ಈಗ ಬರೀ ಮೀನು ಸಾಲದು, ತುತ್ತಿಗೊಮ್ಮೆ ಭೋಂಗಾನೂ ಬೇಕು. ಮಷಿನ್ ಮುಟ್ಟಲು ನಮ್ಮವರು ಬಿಡುವುದಿಲ್ಲವಾದ್ದರಿಂದ ಬಾಯಿಯಿಂದ ನಾನೇ ಕೂಗುತ್ತೇನೆ. (ಚೆನ್ನಾಗಿಯೇ ಬರುತ್ತದೆ.) ನಿನ್ನೆ ಎರಡನೆಯ ತುತ್ತಿಗೇ ಗೋಡೆಯ ಮೇಲೆ ಕೊಡಗಳು ಸಾಲಾಗಿ ಎದ್ದವು.

"ನಳ ಬಂತೇನ್ರಿ ವೈನಿ?"

"ಇಲ್ರಿ... ಮುನ್ನಿ ಉಣ್ಣಲಾಕ್ಹತ್ಯಾಳ."

ಚಂದ್ರಭಾಗಾ ಕೊಡ ಕೆಳಗಿಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡಳು.

"ಹಂಗಾದ್ರ ಇನ್ನಾ ಎಷ್ಟು ತುತ್ತ ಉಳದಾವ, ಅಷ್ಟ ಹೇಳಿಬಿಡ್ರಿ."