ಮುಖ ಕೆಂಪಾಗುವ ಪಾಠವನ್ನು ಯಾರೂ ಹಂಚಿಕೊಳ್ಳದಿರುವ ಕುರಿತು

ಪದವಿ ವಿಜ್ಞಾನ ಪಾಠ ಹಂಚಿಕೆ ಶಾಖೆ, ಜಿಯಾಯಿ

ಸಂಖ್ಯೆ: ಪಾಹಂ/ಮುಕೆಂ/ಔತಣೋತ್ತರ/೭
ದಿನಾಂಕ: ವರ್ಷಾಂತ್ಯದ ಔತಣದ ನಂತರ, ತಲೆನೋವು ಇಳಿದ ದಿನ

ಉಲ್ಲೇಖ: ೧) ಉಪನ್ಯಾಸಕಿ ಜಿಯೆನ್ ಪೇ-ಯೂ ಅವರ ಪಾಠ: ‘ಕುಡಿದರೆ ಮುಖ ಕೆಂಪೇಕೆ?’
೨) ಶಾಖಾ ಮುಖ್ಯಸ್ಥ ಪ್ರೊ. ವೇಯ್ ತುಂಗ್-ಶಾನ್ ಅವರ ಎಡತೋಳು

ಪ್ರಸ್ತಾವನೆ:

ಓದುಗರೇ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳತಕ್ಕದ್ದು. ನೀವು ಸುತ್ತೋಲೆಗಳನ್ನು ನೋಡಿರುತ್ತೀರಿ. ಸುತ್ತೋಲೆಯೇ ನಿಮ್ಮನ್ನು ಗುರಾಯಿಸುವುದನ್ನು ಈ ದಿನ ನೋಡುವಿರಿ. ಈ ಶಾಖೆ ಒಮ್ಮೆ ಬೇಡ ಎಂದ ಪಾಠ ತೈವಾನಿನ ಯಾವ ತರಗತಿಯ ಹೊಸ್ತಿಲನ್ನೂ ತುಳಿದಿಲ್ಲ ಎಂದು ಈ ಮೂಲಕ ಎದೆಯುಬ್ಬಿಸಿ ತಿಳಿಸಲಾಗಿದೆ.

ಸದರಿ ಪಾಠದ ಪ್ರಕಾರ, ಕುಡಿದ ಮದ್ಯವನ್ನು ದೇಹವು ಮೊದಲು ಒಂದು ವಿಷವಾಗಿ ಮಾರ್ಪಡಿಸುತ್ತದೆ; ಬಳಿಕ ಒಂದು ಕಿಣ್ವ ಆ ವಿಷವನ್ನು ಒಡೆಯುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ. ವಿಷ ಒಳಗೇ ಉಳಿದು ಮುಖ ಕೆಂಪೇರುತ್ತದೆ. ಅಂಥವರು ಕುಡಿಯುತ್ತಲೇ ಹೋದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಒಳತೋಳಿಗೆ ಅಂಟಿಸಿ ಸ್ವಲ್ಪ ಹೊತ್ತು ಬಿಟ್ಟು ಕಿತ್ತರೆ, ಅಲ್ಲಿ ಕೆಂಪಾದವರು ಈ ಗುಂಪಿನವರು. ವಿದ್ಯಾರ್ಥಿಗಳು ತಮ್ಮ ತೋಳಿನ ಮೇಲೆಯೇ ಕಿಣ್ವ, ವಂಶವಾಹಿ ಎರಡನ್ನೂ ಕಲಿಯುತ್ತಾರೆ.

ಮುಖ ಕೆಂಪಾಗುವುದು ಗಟ್ಟಿ ಲಿವರಿನ ಗುರುತು ಎಂಬುದು ಈ ಶಾಖೆಯ ಅಧಿಕೃತ ನಿಲುವು. ಮುಖ್ಯಸ್ಥರ ಮುಖ ಮೊದಲ ಗುಟುಕಿಗೇ ಕೆಂಪಾಗುವುದರಿಂದ ಈ ನಿಲುವನ್ನು ತಳೆಯಲಾಗಿದೆ.

ಹೊರಗಿನ ಇಬ್ಬರು ಅಧ್ಯಾಪಕರು ಪಾಠವನ್ನು ಪರಿಶೀಲಿಸಿ ಒಪ್ಪಿದ್ದಾರೆ. ಎಲ್ಲ ಕಾಲೇಜುಗಳಿಗೂ ತೆರೆದಿರುವ ಪಾಠ ಭಂಡಾರಕ್ಕೆ ಅದು ಸೇರಲು ಮುಖ್ಯಸ್ಥರ ಮುದ್ರೆಯೊಂದೇ ಬಾಕಿ. ಚಾಂದ್ರ ಹೊಸ ವರ್ಷದೊಳಗೆ ಸೇರದಿದ್ದಲ್ಲಿ ಗುತ್ತಿಗೆ ಉಪನ್ಯಾಸಕಿ ಜಿಯೆನ್ ಅವರ ಕೆಲಸ ಮುಂದುವರಿಯುವುದಿಲ್ಲ. ಇಷ್ಟರಲ್ಲಿ, ಔತಣದ ದಿನ ಸದರಿ ಉಪನ್ಯಾಸಕಿ ಮುಖ್ಯಸ್ಥರ ತೋಳಿನ ಮೇಲೆ ಎರಗಿ, ಬಲವಂತವಾಗಿ ಹತ್ತಿ ಅಂಟಿಸಿದರೆಂದು ವರದಿಯಾಗಿದೆ. ಆದ ಕಾರಣ ಆದೇಶಿಸಿರುವುದೇನೆಂದರೆ:

೧. ಮಾನವ ಆರೋಗ್ಯದ ಮೂಲಕ ವಿಜ್ಞಾನ ಕಲಿಸುವಾಗ, ಈ ಶಾಖೆಯಲ್ಲಿ ನೌಕರಿ ಮಾಡದ ಮಾನವರ ಆರೋಗ್ಯವನ್ನು ಮಾತ್ರ ಬಳಸತಕ್ಕದ್ದು. ಅಂಥವರು ಸಿಗದಿದ್ದಲ್ಲಿ ಕಪ್ಪೆಯನ್ನು ಮಾನವನೆಂದು ಪರಿಗಣಿಸಬಹುದು.

೨. ಪರಿಶೀಲಕರಲ್ಲೊಬ್ಬರು, “ಹುಡುಗ್ರು ಪುಸ್ತಕ ಮರೀಬಹುದು, ತಮ್ಮ ತೋಳನ್ನ ಮರೆಯಲ್ಲ, ನಾಳೆನೇ ನನ್ನ ಕ್ಲಾಸಿಗೆ ಬೇಕು” ಎಂದು ಬರೆದಿರುವುದು ಗಮನಕ್ಕೆ ಬಂದಿದೆ. ಗುತ್ತಿಗೆ ನೌಕರರ ಪಾಠಕ್ಕೆ “ಪರವಾಗಿಲ್ಲ” ಎಂಬುದೇ ಗರಿಷ್ಠ ಹೊಗಳಿಕೆ. ಮುಖ್ಯಸ್ಥರ ಪಾಠಕ್ಕೆ ಅದೇ ಕನಿಷ್ಠ ಬೈಗುಳ; ಅದನ್ನು ಬಳಸಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

೩. ಪರಿಶೀಲಕರು ಪಾಠ ಓದಿರಬೇಕೆಂಬ ನಿಯಮವನ್ನು ಸಡಿಲಿಸಿ, ಮುಖ್ಯಸ್ಥರೊಡನೆ ಕೂತು ಜೋಳದ ಮದ್ಯ ಕುಡಿದಿರಬೇಕೆಂದು ತಿದ್ದಲಾಗಿದೆ.

೪. ಪ್ರಯೋಗ ಮಾಡಲೇಬೇಕಾದಲ್ಲಿ ಹತ್ತಿಯನ್ನು ಕೋಟಿನ ತೋಳಿನ ಮೇಲೆ ಅಂಟಿಸತಕ್ಕದ್ದು. ಕೋಟು ಕೆಂಪಾದರೆ ಕೂಡಲೇ ಶಾಖೆಗೆ ತಿಳಿಸತಕ್ಕದ್ದು.

೫. ಮುಂದಿನ ಔತಣಗಳಲ್ಲಿ ಕೆಂಪು ದೀಪಗಳನ್ನಷ್ಟೇ ಉರಿಸತಕ್ಕದ್ದು. ಎಲ್ಲರ ಮುಖವೂ ಒಂದೇ ಬಣ್ಣಕ್ಕೆ ತಿರುಗುವುದರಿಂದ ವೈಜ್ಞಾನಿಕ ಗೊಂದಲ ನಿವಾರಣೆಯಾಗುತ್ತದೆ. ಆ ಬೆಳಕಿನಲ್ಲೂ ಬೆಳ್ಳಗೆ ಕಾಣುವವರಿಂದ ಲಿಖಿತ ವಿವರಣೆ ಕೇಳಲಾಗುವುದು.

೬. ಯಾವ ಪಾಠವನ್ನು ಹಂಚಬಾರದೆಂಬುದು ಎಲ್ಲರಿಗೂ ಗೊತ್ತಿರಬೇಕಾದ್ದರಿಂದ, ಸದರಿ ಪಾಠವನ್ನು ಪೂರ್ತಿಯಾಗಿ, ಚಿತ್ರ, ಪ್ರಶ್ನೆ ಮತ್ತು ಉತ್ತರಗಳ ಸಮೇತ, ಎಲ್ಲ ಕಾಲೇಜುಗಳಿಗೂ ಲಗತ್ತಿಸಿ ಕಳಿಸಲಾಗಿದೆ. ಏನನ್ನು ಕಲಿಯಬಾರದೆಂದು ವಿದ್ಯಾರ್ಥಿಗಳಿಗೆ ಮನದಟ್ಟಾಗುವವರೆಗೆ ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಅರ್ಥವಾಗದವರಿಗೆ ಪ್ರಯೋಗ ಮಾಡಿ ತೋರಿಸತಕ್ಕದ್ದು.

೭. ನಿಯಮದಂತೆ ಲಗತ್ತಿನ ಪ್ರತಿ ಪುಟಕ್ಕೂ ಮುಖ್ಯಸ್ಥರ ಮುದ್ರೆ ಒತ್ತಲಾಗಿದೆ. ಮುಖ್ಯಸ್ಥರ ಮುದ್ರೆ ಬಿದ್ದ ಪಾಠವು ತಾನಾಗಿಯೇ ಭಂಡಾರಕ್ಕೆ ಸೇರುತ್ತದೆ ಎಂಬ ಇನ್ನೊಂದು ನಿಯಮವನ್ನು ಆ ಹೊತ್ತಿಗೆ ಯಾರೂ ನೆನಪಿಸದಿರುವುದು ವಿಷಾದನೀಯ.

೮. ಇನ್ನು, ನಡೆದದ್ದು. ಪ್ರಸ್ತಾವನೆಯಲ್ಲಿರುವ ‘ಎರಗಿ, ಬಲವಂತವಾಗಿ’ ಎಂಬ ಮಾತುಗಳನ್ನು ಹಿಂಪಡೆಯಲಾಗಿದೆ. ಔತಣದಲ್ಲಿ ಜಿಯೆನ್ ಅವರು ಗ್ಲಾಸಿಗೆ ಚಹಾ ಹುಯ್ದುಕೊಂಡದ್ದನ್ನು ಕಂಡು ಮುಖ್ಯಸ್ಥರು ಆಡಿದ ಮಾತು: “ಏನಮ್ಮಾ ಪೇ-ಯೂ, ಚಹಾ ಹಿಡ್ಕೊಂಡು ನನ್ನ ಎದುರಿಗೆ ಬರ್ತೀಯಾ? ನನ್ನ ಮುಂದೆ ಗ್ಲಾಸ್ ಎತ್ತಿದೋರು ಕಾಲ್ ಮೇಲೆ ಮನೆಗೆ ಹೋದ ಇತಿಹಾಸವೇ ಇಲ್ಲ!” ಅದಕ್ಕೆ ಬಂದ ಉತ್ತರ: “ಸಾರ್, ನಿಮ್ಮ ಮುಖ ಆಗ್ಲೇ ಡ್ರ್ಯಾಗನ್ ಹಣ್ಣು ಕೊಯ್ದಂಗಾಗಿದೆ. ಸಾಕು ಮಾಡಿ.” ಆಗ ಮುಖ್ಯಸ್ಥರು ತಾವೇ ಅಂಗಿಯ ತೋಳು ಮಡಚಿ, “ತಗೊಂಡ್ ಬಾ ನಿನ್ನ ಹತ್ತೀನ! ಕೆಂಪಾದ್ರೆ ಮುದ್ರೆ ನಿಂದು, ಆಗ್ಲಿಲ್ಲ ಅಂದ್ರೆ ಕೆಲಸ ಬಿಟ್ಟು ನಡಿ!” ಎಂದು ಎಲ್ಲರೆದುರು ಗುಡುಗಿದರು. “ಬೇಡ ಸಾರ್, ಇಷ್ಟು ಜನರ ಮುಂದೆ ಬೇಡ” ಎಂದು ಜಿಯೆನ್ ಅಂಗಲಾಚಿದ್ದಕ್ಕೆ ಇಡೀ ಮೇಜು ಸಾಕ್ಷಿ.

ಕೆಂಪಾಯಿತು. ಜಾತ್ರೆಯ ಬಲೂನಿನಷ್ಟು ಕೆಂಪಾಯಿತು. ಎಲ್ಲರೂ ನಕ್ಕರು. ಸೊಪ್ಪಿನ ಸೂಪು ತಂದಿಡುತ್ತಿದ್ದ ಹೋಟೆಲಿನ ಒಡತಿ ತೋಳನ್ನು ನೋಡಿ, “ಅಯ್ಯೋ ವೇಯ್, ನಿಮ್ಮಣ್ಣಂಗೂ ಹಿಂಗೇ ಆಗ್ತಿತ್ತಲ್ಲಪ್ಪಾ. ಕೊನೆಗಾಲದಲ್ಲಿ ಗಂಜೀನೂ ಇಳೀತಿರ್ಲಿಲ್ಲ ಪಾಪ” ಎಂದರು. ಮುಖ್ಯಸ್ಥರು ಗ್ಲಾಸನ್ನು ಪಕ್ಕಕ್ಕೆ ಸರಿಸಿ ಸೂಪು ಕುಡಿದರು. ಮರುದಿನ ಬಂದು, ಸೋತ ಮುಖ ಮುಚ್ಚಿಕೊಳ್ಳಲು ಒಂದರಿಂದ ಐದರವರೆಗಿನ ಕಲಂಗಳನ್ನು ತಾವೇ ಹೇಳಿ ಬರೆಸಿದರು. ಆರನೆಯದನ್ನು ಹೇಳುವ ಮುನ್ನ ಬಾಗಿಲು ಹಾಕಿಕೊಂಡು ಪಾಠವನ್ನು ಮೊದಲ ಬಾರಿಗೆ ಓದಿದರು.

ಏಳನೆಯ ಕಲಮಿನ ಮುದ್ರೆಗಳು ಕೈತಪ್ಪಿನಿಂದ ಬಿದ್ದವು ಎಂದು ಕಡತದಲ್ಲಿ ನಮೂದಿಸಲಾಗಿದೆ. ಕೈ ತಪ್ಪಿರುವುದಿಲ್ಲ.

ಸಹಿ/-
(ವೇಯ್ ತುಂಗ್-ಶಾನ್)
ಶಾಖಾ ಮುಖ್ಯಸ್ಥರು

ಪ್ರತಿಗಳು:
ಎಲ್ಲ ಪದವಿ ಕಾಲೇಜುಗಳಿಗೆ: ಲಗತ್ತಿನ ಸಮೇತ, ಓದದಿರುವ ಸಲುವಾಗಿ.
ಹೋಟೆಲಿನ ಒಡತಿಗೆ: ಮುಂದಿನ ಔತಣಕ್ಕೆ ಸೂಪು ಜಾಸ್ತಿ ಮಾಡಲು.
ಆಸ್ಪತ್ರೆಯ ಅನ್ನನಾಳ ವಿಭಾಗಕ್ಕೆ: ಮುಖ್ಯಸ್ಥರು ಮಂಗಳವಾರ ಖಾಲಿ ಹೊಟ್ಟೆಯಲ್ಲಿ ತಪಾಸಣೆಗೆ ಬರುವರೆಂಬ ಮಾಹಿತಿಗಾಗಿ.
ಶ್ರೀಮತಿ ಜಿಯೆನ್ ಪೇ-ಯೂ ಅವರಿಗೆ: ಗುತ್ತಿಗೆ ಮುಂದುವರಿಕೆ ಆದೇಶದೊಂದಿಗೆ. ಧನ್ಯವಾದ ಹೇಳಲು ಕೊಠಡಿಗೆ ಬರತಕ್ಕದ್ದಲ್ಲ.