ಮೊದಲು ಸೂಡು

“ನಾಳೆ ಹನ್ನೊಂದು ಗಂಟೆಗೆ ಶ್ವೇತನ್ನ ಈ ದೊಡ್ಡ ಸ್ಕ್ರೀನಲ್ಲಿ ತೋರಿಸ್ಲಿಲ್ಲ ಅಂದ್ರೆ ನನ್ನ ಹೆಸರು ಅಮರನಾಥೇ ಅಲ್ಲ,” ಎಂದು ಅಮರನಾಥ್ ಶನಿವಾರ ಸಂಜೆ ಕಾಫಿ ಲೋಟ ಎತ್ತಿ ಹಿಡಿದು ಘೋಷಿಸಿದ.

“ಮತ್ತೆ ಯಾವ ಹೆಸರು ಅಂತ ಈಗ್ಲೇ ಹೇಳ್ಬಿಡಿ. ನಾಳೆ ಕರೆಯೋಕೆ ಅನುಕೂಲ ಆಗುತ್ತೆ,” ಎಂದಳು ಹೆಂಡತಿ ಸುನಂದ.

ಮಗಳು ಶ್ವೇತ ಮೈಸೂರಿನಲ್ಲಿ ಓದುತ್ತಾಳೆ. ಕಾಲೇಜುಗಳ ಮಿಮಿಕ್ರಿ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿದ್ದಳು, ಅದು ಇಂಟರ್‌ನೆಟ್ಟಿನಲ್ಲಿ ನೇರ ಪ್ರಸಾರವಾಗಲಿತ್ತು. ಅದನ್ನು ನೋಡಲೆಂದೇ ಸುನಂದಳ ತಾಯಿ ಭಾರತಮ್ಮ ಕುರುಡುಮಲೆಯಿಂದ ಬಸ್ಸು ಬದಲಿಸುತ್ತಾ ಸುಗಟೂರಿಗೆ ಬಂದಿದ್ದರು. ಅಮರನಾಥನಿಗೆ ಆಕೆ ಸೋದರತ್ತೆಯೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಫೋನಿನ ಪುಟ್ಟ ಪರದೆಯಲ್ಲಿ ಅವರಿಗೆ ಮೊಮ್ಮಗಳ ಮುಖ ಕಾಣುತ್ತಿರಲಿಲ್ಲ. ಶ್ವೇತ ಬೇರೆ ಅಮ್ಮನಿಗೆ ಫೋನ್ ಮಾಡಿ, “ಅಪ್ಪ ದೊಡ್ಡ ಸ್ಕ್ರೀನಲ್ಲೇ ನೋಡ್ಬೇಕು, ಬಿಡಬೇಡ,” ಎಂದು ತಾಕೀತು ಮಾಡಿದ್ದಳು. ಆಗಿನಿಂದ ಅಪ್ಪನ ಎದೆ ಉಬ್ಬಿದ್ದು ಇಳಿದೇ ಇರಲಿಲ್ಲ.

ಅಮರನಾಥ್ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್, ಮನೆಯಲ್ಲಿ ಒಂದಿಷ್ಟು ರೇಷ್ಮೆ ಹುಳವನ್ನೂ ಸಾಕಿದ್ದ. ಅಲ್ಲಿ ಮೂಲೆಗೆ ಹಾಕಿದ್ದ ಕಂಪ್ಯೂಟರನ್ನು ಮನೆಗೆ ತಂದು, ಜೊತೆಗೆ ಕೆಲಸ ಮಾಡುವ ವೆಂಕಟನ ಕೈಲಿ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಸಿದ್ದ. “ಇದು ಯಾರಪ್ಪನ ಸೊತ್ತೂ ಅಲ್ಲ, ಲೋಕದ ಸೊತ್ತು,” ಎಂದು ಬಂದವರಿಗೆಲ್ಲ ಭಾಷಣ ಬಿಗಿದಿದ್ದ. ಲೋಕದ ಸೊತ್ತಿನಲ್ಲಿ ಅವನು ಅಲ್ಲಿಯವರೆಗೆ ಆಡಿದ್ದು ಇಸ್ಪೀಟು ಮಾತ್ರ.

ಭಾನುವಾರ ಬೆಳಿಗ್ಗೆ ಕಾಲೇಜಿನ ಲಿಂಕ್ ಒತ್ತಿದರೆ, ನಿಮ್ಮ ಬ್ರೌಸರ್ ತೀರಾ ಹಳೆಯದು, ಹೊಸದು ಹಾಕಿಕೊಂಡು ಬನ್ನಿ ಎಂದಿತು.

“ಇದೇನ್ ಮಹಾ, ಎರಡೇ ನಿಮಿಷ,” ಎಂದ ಅಮರನಾಥ್.

ಈ ಮಾತು ಕಿವಿಗೆ ಬಿದ್ದರೆ ಸುನಂದ ಸ್ಕ್ರೂಡ್ರೈವರ್ ಬಚ್ಚಿಡಲು ಓಡುತ್ತಾಳೆ. ಇದೇ ಮಾತು ಹೇಳಿ ಅವನು ಬಿಚ್ಚಿದ ಮಿಕ್ಸಿ ಇವತ್ತಿಗೂ ಅಟ್ಟದ ಮೇಲೆ ಬಿಡಿಬಿಡಿಯಾಗಿ ಕೂತಿದೆ.

ವೆಂಕಟನಿಗೆ ಫೋನ್ ಹೋಯಿತು. ಅವನು ಯಾವುದೋ ಮದುವೆಗೆಂದು ರೈಲಿನಲ್ಲಿದ್ದ. ಮುಳಬಾಗಿಲ ಕಡೆಯವನು, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಮರನಾಥನ ಮನೆಯಲ್ಲೂ ಅದೇ ಲೆಕ್ಕ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲೆ ಇಟ್ಟದ್ದಾಯಿತು.

“ಆಜ್ಞೆ ಟೈಪ್ ಮಾಡೋ ಕಪ್ಪು ಕಿಟಕಿ ಓಪನ್ ಮಾಡಿದ್ಯಾ? ಹ್ಞಾಂ. ಮೊದಲು ಸೂಡು. ಆಮೇಲೆ ಎ ಪಿ ಟಿ, ಜಾಗ ಬಿಡು, ಇನ್‌ಸ್ಟಾಲ್, ಜಾಗ ಬಿಡು, ಬ್ರೌಸರ್ ಹೆಸರು. ಎಂಟರ್ ಒತ್ತು.”

ಸೂಡು ಎಂದರೆ ಅವರ ತೆಲುಗಿನಲ್ಲಿ ನೋಡು. ಮೊದಲು ನೋಡು ಎಂದ ಮೇಲೆ ನೋಡಬೇಕಲ್ಲ! ಅಮರನಾಥ್ ಕನ್ನಡಕ ಒರೆಸಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಪರದೆಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಉಳಿದದ್ದನ್ನು ಟೈಪ್ ಮಾಡಿ ಎಂಟರ್ ಒತ್ತಿದ. ಅನುಮತಿ ಇಲ್ಲ ಎಂದಿತು ಯಂತ್ರ. ಸಾಲದ್ದಕ್ಕೆ ಕೊನೆಯಲ್ಲಿ ಒಂದು ಪ್ರಶ್ನೆ: ಆರ್ ಯು ರೂಟ್?

“ಏನಂತೆ ರೀ ಅದು?”

“ನೀನು ಬೇರಾ ಅಂತ ಕೇಳ್ತಿದೆ ಕಣೇ.”

“ಬೇರು ಅಡುಗೆಮನೇಲಿದೆ, ಇವರು ಬರೀ ಎಲೆ ಅಂತ ಹೇಳಿ. ಹೊಸ ಹೆಸರು ಯೋಚ್ನೆ ಮಾಡಿದ್ರಾ?”

ಫೋನಿನಲ್ಲಿ ವೆಂಕಟ್ ಗೊಣಗಿದ. “ಲೇ, ನೀನು ಸೂಡು ಬಿಟ್ಬಿಟ್ಟೆ ಕಣೋ. ಸೂಡು ಇಲ್ದೆ ಅದು ಒಪ್ಪಲ್ಲ.”

“ಸೂಡ್ತಾನೇ ಇದೀನಿ ಕಣೋ, ಕಣ್ಣಲ್ಲಿ ನೀರು ಬಂತು.”

“ಇನ್ನೊಂದ್ಸಲ ಮಾಡು. ಮೊದಲು ಸೂಡು.”

ಈ ಸಲ ಅಮರನಾಥ್ ಯಾವ ಕೊರತೆಯೂ ಆಗದ ಹಾಗೆ ನೋಡಿಕೊಂಡ. ಹೆಂಡತಿಯನ್ನೂ ಅತ್ತೆಯನ್ನೂ ಕರೆದು ಪಕ್ಕದಲ್ಲಿ ಕೂರಿಸಿದ. ಎಲ್ಲರೂ ರೆಪ್ಪೆ ಮಿಟುಕಿಸದೆ ನೋಡಿದರು. ಯಂತ್ರ ಮತ್ತೆ ಬೇರಿನ ಪ್ರಶ್ನೆಯನ್ನೇ ಕೇಳಿತು.

ಭಾರತಮ್ಮನಿಗೆ ರೇಗಿತು. “ಏನಪ್ಪಾ ವೆಂಕಟಾ, ಮನೆಮಂದಿಯೆಲ್ಲ ಸೂಡ್ತಾ ಇದೀವಿ. ಇನ್ನೂ ಯಾರನ್ನ ಕರೀಬೇಕು? ಪಕ್ಕದ ಮನೆ ಗಂಗಾಲಕ್ಷ್ಮಿ ಒಬ್ಬಳು ಬಾಕಿ.”

ಆ ಕಡೆ ವೆಂಕಟ್ ಹಣೆ ಚಚ್ಚಿಕೊಂಡದ್ದು ರೈಲಿನ ಸದ್ದಿನಲ್ಲೂ ಕೇಳಿಸಿತು.

“ಅಯ್ಯೋ ಪುಣ್ಯಾತ್ಮ, ನೋಡೋದಲ್ಲ ಕಣೋ, ಬರೆಯೋದು. ಎಸ್, ಯು, ಡಿ, ಓ. ರೂಟ್ ಅಂದ್ರೆ ಯಜಮಾನ, ಅವನ ಅಪ್ಪಣೆ ಅದು. ಆಮೇಲೆ ಪಾಸ್‌ವರ್ಡ್ ಕೇಳುತ್ತೆ. ನಿಮ್ಮತ್ತೆ ಊರಿನ ಹೆಸರೇ ಇಟ್ಟಿದೀನಿ, ಕುರುಡುಮಲೆ.”

ಅಷ್ಟು ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

ಅಮರನಾಥ್ ಈ ಸಲ ಸೂಡನ್ನು ಬರೆದೇ ಎಂಟರ್ ಒತ್ತಿದ, ಪಾಸ್‌ವರ್ಡ್ ಕೇಳಿದಾಗ ಕುರುಡುಮಲೆ ಎಂದು ಟೈಪ್ ಮಾಡಿದ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಪಾಸ್‌ವರ್ಡನ್ನು ಯಂತ್ರ ಪರದೆಯ ಮೇಲೆ ತೋರಿಸುವುದಿಲ್ಲ ಎಂದು ತಿಳಿಯದೆ, ಕೀಬೋರ್ಡ್ ಸತ್ತಿತು ಎಂದುಕೊಂಡು ಬೋರಲು ಹಾಕಿ ಬಡಿದ. ಪುರಿ, ಕಡಲೆಕಾಯಿ ಸಿಪ್ಪೆ, ಸುನಂದಳ ಒಂದು ಬಿಂದಿ ಉದುರಿದವು. ಇರಲಿ ಎಂದು ಕುರುಡುಮಲೆಯ ಮೇಲೆ ಇನ್ನೊಂದು ಕುರುಡುಮಲೆ ಕುಟ್ಟಿ ಎಂಟರ್ ಒತ್ತಿದ. ಸಾರಿ, ಮತ್ತೆ ಪ್ರಯತ್ನಿಸಿ ಎಂದಿತು. ಗಡಿಯಾರ ಹನ್ನೊಂದರ ಹತ್ತಿರ ಬಂದಿತ್ತು. ಅತ್ತೆಯ ಮುಖ ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು.

“ಏನೂ ಕಾಣ್ತಿಲ್ಲ ಅತ್ತೆ.”

“ಕುರುಡು ಅಂತ ಹೆಸರಿಟ್ಟು ಕಾಣ್ತಿಲ್ಲ ಅಂದ್ರೆ ಹೆಂಗೆ ನಾಯನಾ? ಕಾಣ್ದಿದ್ರೆ ಬೇಡ. ನಮ್ಮೂರ ಗಣಪತಿನ ನೆನೆಸ್ಕೊಂಡು ಒಂದೇ ಒಂದ್ಸಲ ಹೊಡಿ.”

ಹೊಡೆದ. ಅಕ್ಷರಗಳು ಸರಸರನೆ ಓಡಿದವು. ಹೊಸ ಬ್ರೌಸರ್ ಬಂದು ಕೂತಿತು, ಲಿಂಕ್ ಒತ್ತಿದರೆ ಮೈಸೂರಿನ ವೇದಿಕೆಯೇ ತೆರೆದುಕೊಂಡಿತು. ಗಲಾಟೆ ಕೇಳಿ ಗಂಗಾಲಕ್ಷ್ಮಿಯೂ ಬಂದು ಬಾಗಿಲಲ್ಲಿ ನಿಂತಳು. ಪರದೆಯ ತುಂಬ ಶ್ವೇತ! ಭಾರತಮ್ಮ ಕಣ್ಣೊರೆಸಿಕೊಂಡು ಪರದೆಗೇ ದೃಷ್ಟಿ ತೆಗೆದರು. ಅಮರನಾಥ್ ಕಾಲ ಮೇಲೆ ಕಾಲು ಹಾಕಿ ಕೂತು ಎಲ್ಲರ ಮುಖವನ್ನೂ ಒಮ್ಮೆ ನೋಡಿದ.

“ಸಿನಿಮಾ ಹೀರೋಗಳನ್ನ ಎಲ್ಲಾರೂ ಮಾಡ್ತಾರೆ,” ಎಂದಳು ಶ್ವೇತ ಮೈಕಿನಲ್ಲಿ. “ನಾನು ನಮ್ಮನೆ ಹೀರೋನ ಮಾಡ್ತೀನಿ. ಅವರು ಈಗ ಸುಗಟೂರಲ್ಲಿ ನೋಡ್ತಿರ್ತಾರೆ. ಕಂಪ್ಯೂಟರ್ ಕೆಲಸ ಮಾಡ್ತಿದ್ರೆ.”

ಇಲ್ಲದ ಕನ್ನಡಕವನ್ನು ಒರೆಸಿ ಮೂಗಿಗೇರಿಸಿದಳು. “ಇದೇನ್ ಮಹಾ, ಎರಡೇ ನಿಮಿಷ.”

ಅದೇ ದನಿ, ಅದೇ ಗತ್ತು. ಅಲ್ಲಿಂದ ಮಿಕ್ಸಿ ಬಿಚ್ಚಿದಳು, ಜೋಡಿಸಿದಳು. ಉಳಿದ ಸ್ಕ್ರೂ ಎತ್ತಿ ಹಿಡಿದು, “ಇದನ್ನ ಕಂಪನಿಯೋರೇ ಜಾಸ್ತಿ ಹಾಕಿರ್ತಾರೆ ಕಣೇ,” ಎಂದಳು. ಮೈಸೂರಿನ ಸಭಾಂಗಣ ಕೇಕೆ ಹಾಕಿತು. ಗಂಗಾಲಕ್ಷ್ಮಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಸುನಂದ ನಗು ತಾಳಲಾರದೆ ಗೋಡೆಗೊರಗಿದಳು.

ಅಮರನಾಥ್ ಮೆಲ್ಲಗೆ ಎದ್ದ. “ಹುಳಕ್ಕೆ ಸೊಪ್ಪು ಹಾಕ್ಬೇಕಿತ್ತು, ಬರ್ತೀನಿ.”

ಭಾರತಮ್ಮ ಅಂಗಿ ಹಿಡಿದು ಜಗ್ಗಿ ಕೂರಿಸಿದರು.

“ಅಷ್ಟು ಕಷ್ಟಪಟ್ಟು ಹಾಕಿದೀಯ, ಎಲ್ಲಿಗೆ ಹೋಗ್ತೀಯ ನಾಯನಾ? ಮೊದಲು ಸೂಡು.”