ಮಾಲು ಒಳಗೆ, ಪೆಟ್ಟಿಗೆ ಹೊರಗೆ

ಪಂಪು ತಯಾರಿಸುವ ಕಾರ್ಖಾನೆಯ ಉಗ್ರಾಣವನ್ನು ಮೂವತ್ತೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವನು ನಾನು. ಅಂಥವನ ಸ್ವಂತ ಮನೆಯ ಕಂಪ್ಯೂಟರಿನೊಳಗೆ ನಾಲ್ಕು ಸಾವಿರದ ಇನ್ನೂರ ಹದಿನಾರು ಪತ್ರಗಳು ದಿಕ್ಕಿಲ್ಲದೆ ಬಿದ್ದಿವೆ ಅಂತ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. (ಎರಡನೇ ಸಲ ಬಡಿಸಿದ್ದು ಸೇರಲಿಲ್ಲ. ಮೊದಲನೆಯದು ಸೇರಿತು.)

ಕಂಪ್ಯೂಟರು ನನ್ನ ಹೆಂಡತಿಯದು. ಅವಳು ಕಿಟಕಿ ಪರದೆ ಹೊಲಿಯುವವಳು. ಗಿರಾಕಿಗಳು ತಮ್ಮ ಕಿಟಕಿಯ ಫೋಟೋ ತೆಗೆದು, ಅಗಲ ಉದ್ದ ಬರೆದು ಇಮೇಲ್ ಮಾಡುತ್ತಾರೆ. ಇವಳು ನೋಡಿಕೊಂಡು ಕತ್ತರಿಸುತ್ತಾಳೆ. ಮೊದಲು ಅಳತೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ಬಟ್ಟೆಯ ಜೊತೆ ಚೀಟಿಯನ್ನೂ ನೀಟಾಗಿ ಎರಡು ಭಾಗ ಮಾಡಿ, ಒಬ್ಬರ ಮನೆಯ ಪರದೆ ಅವರ ಮಂಡಿಯವರೆಗೂ ಬರದೆ ಹೋದಮೇಲೆ, ಎಲ್ಲವೂ ಕಂಪ್ಯೂಟರಿನಲ್ಲೇ ಇರಲಿ ಅಂತ ತೀರ್ಮಾನ ಮಾಡಿದಳು. ಅಲ್ಲಿಂದ ನಮ್ಮ ಮನೆಯಲ್ಲಿ ಕಾಗದ ಅಂದರೆ ದಿನಪತ್ರಿಕೆ ಮಾತ್ರ.

ನಾನು ನಿವೃತ್ತನಾಗಿ ನಾಲ್ಕು ತಿಂಗಳಾಗಿತ್ತು. ಅಡುಗೆಮನೆಯ ಡಬ್ಬಗಳಿಗೆ ನಂಬರು ಹಾಕಿ ಬೈಸಿಕೊಂಡಿದ್ದೆ. ಚಪ್ಪಲಿ ಗೂಡಿಗೆ ಎಡ ಬಲ ಅಂತ ಬರೆದು ಬೈಸಿಕೊಂಡಿದ್ದೆ. ಒಂದು ಸೋಮವಾರ ಅವಳ ಬೆನ್ನ ಹಿಂದೆ ನಿಂತು ಪರದೆಯ ಮೇಲೆ ಇಣುಕಿದೆ. (ಕಂಪ್ಯೂಟರಿನ ಪರದೆ. ನಮ್ಮ ಮನೆಯಲ್ಲಿ ಯಾವ ಪರದೆ ಅಂತ ಬಿಡಿಸಿ ಹೇಳಬೇಕು.) ನೋಡಿದರೆ ಹಳೇದು ಹೊಸದು, ಬೇಕಾದ್ದು ಬೇಡವಾದ್ದು ಎಲ್ಲ ಒಂದೇ ರಾಶಿ. ನಡುನಡುವೆ ಮೂವತ್ತೆಂಟು ಪತ್ರಗಳು ದಪ್ಪ ಕಪ್ಪು ಅಕ್ಷರದಲ್ಲಿ ಕೂತಿದ್ದವು. ದಪ್ಪಕ್ಷರ ಅಂದರೆ ಇನ್ನೂ ಓದಿಲ್ಲ ಅಂತ ಅರ್ಥ. ಅಷ್ಟು ನನಗೂ ಗೊತ್ತು.

"ಇಷ್ಟು ಪತ್ರ ಓದದೆ ಹಾಗೇ ಇಟ್ಟಿದ್ದೀಯಲ್ಲ," ಅಂದೆ.

"ಇರಲಿ, ಮುಟ್ಟಬೇಡಿ," ಅಂದಳು.

"ನಾಲ್ಕು ಫೋಲ್ಡರು ಮಾಡಿ ಜೋಡಿಸಿಕೊಟ್ಟರೆ ಕಷ್ಟವೇನು?"

"ರೀ, ಚಪ್ಪಲಿ ಗೂಡಿನಲ್ಲಿ ಇನ್ನೂ ನನ್ನ ಬಲಗಾಲಿನದು ಸಿಕ್ಕಿಲ್ಲ."

ಮಾತು ಅಲ್ಲಿಗೆ ನಿಂತಿತು. ಆದರೆ ಸಂಕಲ್ಪ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹಲ್ಲಿನ ಡಾಕ್ಟರ ಮನೆಯಲ್ಲಿ ಪರದೆ ನೇತುಹಾಕಲು ಹೊರಟಳು. ಸಂಜೆಯವರೆಗೆ ಬರುವುದಿಲ್ಲ. ನಾನು ಮುಖ ತೊಳೆದು, ಕಾರ್ಖಾನೆಗೆ ಹಾಕುತ್ತಿದ್ದ ಖಾಕಿ ಅಂಗಿ ತೊಟ್ಟು, ಕುರ್ಚಿ ಎಳೆದುಕೊಂಡು ಕೂತೆ.

ಮನೆಯಲ್ಲಿ ನನ್ನ ಅತ್ತೆ ಇದ್ದರು. ನನ್ನ ಹೆಂಡತಿಯ ತಾಯಿ. ಪರದೆಗಳಿಗೆ ಕೈಯಲ್ಲಿ ಅಂಚು ಹೊಲಿಯುವ ಕೆಲಸ ಅವರದು. ಮೂಲೆಯ ಮಂಚದ ಮೇಲೆ ಕೂತು, ಸೂಜಿಗೆ ದಾರ ಪೋಣಿಸುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಳಿಯಂದ್ರು ಡ್ಯೂಟಿಗೆ ಹೊರಟ ಹಾಗಿದೆ."

"ಸ್ವಲ್ಪ ಒಪ್ಪ ಓರಣ ಮಾಡೋಣ ಅಂತ ಅತ್ತೆ."

"ಮಾಡಿ ಮಾಡಿ. ನಮ್ಮ ಅಳಿಯಂದ್ರು ಮಾಡಿದ್ದು ಯಾವಾಗಲೂ ಚೆನ್ನಾಗೇ ಇರುತ್ತೆ. ಸ್ವಲ್ಪ ದೂರ ನಿಂತು ನೋಡಬೇಕು ಅಷ್ಟೆ."

ಕೆಲಸ ಶುರುವಾಯಿತು. ಮೊದಲು ಕಾಂಟ್ಯಾಕ್ಟ್‌ಗಳ ಪಟ್ಟಿ. ಅಯ್ಯೋ, ಅದನ್ನು ಏನಂತ ಹೇಳಲಿ. ಮನುಷ್ಯರ ಹೆಸರಿರಬೇಕಾದ ಜಾಗದಲ್ಲಿ "ಓರೆ ಕಿಟಕಿ", "ಬೆಕ್ಕು ಹರಿದದ್ದು", "ಬಣ್ಣ ಮೂರು ಸಲ ಬದಲಾಯಿಸಿದವರು", "ಮಹಡಿ ಮೇಲಿನ ಗಲಾಟೆ" ಅಂತೆಲ್ಲ ಬರೆದಿಟ್ಟಿದ್ದಾಳೆ. ಒಂದು ಕಡೆ ಬರೀ "ಇಪ್ಪತ್ತೆರಡು". ಇಪ್ಪತ್ತೆರಡು ಅನ್ನೋ ಹೆಸರಿನ ಮನುಷ್ಯರು ಎಲ್ಲಾದರೂ ಇದ್ದಾರೆಯೇ? ಕಸ ಅಂತ ತೆಗೆದುಹಾಕಿದೆ. ಮಿಕ್ಕವರಿಗೆ ಗಿರಾಕಿ ಒಂದು, ಗಿರಾಕಿ ಎರಡು ಅಂತ ಕ್ರಮವಾಗಿ ನಂಬರು ಕೊಟ್ಟೆ. ಎಲ್ಲರನ್ನೂ ಸೇರಿಸಿ "ಗಿರಾಕಿಗಳು" ಅಂತ ಒಂದು ಗುಂಪು ಕಟ್ಟಿದೆ. ಒಂದು ಪತ್ರ ಬರೆದರೆ ಸಾಕು, ಅಷ್ಟೂ ಜನಕ್ಕೆ ಹೋಗುತ್ತೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೂ ಕಳಿಸಬಹುದು. ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ಅವಳಿಗೆ ಮುಂದೆ ಪಾಠ ಹೇಳಿಕೊಡಲು.

ಎರಡನೆಯದು ಆ ಮೂವತ್ತೆಂಟು ದಪ್ಪಕ್ಷರ. ಎಲ್ಲವನ್ನೂ ಒಟ್ಟಿಗೆ ಆರಿಸಿ "ಓದಿದ್ದು ಎಂದು ಗುರುತಿಸು" ಅನ್ನೋ ಗುಂಡಿ ಒತ್ತಿದೆ. ಒಂದೇ ಏಟಿಗೆ ಅಷ್ಟೂ ತೆಳ್ಳಗಾದವು. ವೈದ್ಯರು ನನಗೆ ಹತ್ತು ವರ್ಷದಿಂದ ಹೇಳುತ್ತಿರುವ ಕೆಲಸವನ್ನು ಅವು ಕ್ಷಣದಲ್ಲಿ ಮಾಡಿ ತೋರಿಸಿದವು.

ಮೂರನೆಯದು ಮಹಾಕಾರ್ಯ. ನಮ್ಮ ಕಾರ್ಖಾನೆಯ ಉಗ್ರಾಣದ ಬಾಗಿಲ ಮೇಲೆ ಒಂದು ಹಲಗೆ ಇತ್ತು: ಮಾಲು ಒಳಗೆ, ಪೆಟ್ಟಿಗೆ ಹೊರಗೆ. ಬಂದ ಪೆಟ್ಟಿಗೆ ಒಡೆಯಬೇಕು, ಸಾಮಾನು ತೆಗೆದು ಖಾನೆಯಲ್ಲಿಡಬೇಕು, ಖಾಲಿ ಪೆಟ್ಟಿಗೆಯನ್ನು ಆಚೆ ಹಾಕಬೇಕು. ಖಾಲಿ ಪೆಟ್ಟಿಗೆ ಇಟ್ಟುಕೊಂಡ ಉಗ್ರಾಣಿ ಹೊಟ್ಟು ಕೂಡಿಟ್ಟ ರೈತನ ಹಾಗೆ ಅಂತ ನನ್ನ ಮೇಲಧಿಕಾರಿ ಹೇಳುತ್ತಿದ್ದರು. ಇಮೇಲ್ ಕೂಡ ಅಷ್ಟೇ ಅಲ್ಲವೇ? ಪತ್ರ ಅನ್ನೋದು ಪೆಟ್ಟಿಗೆ. ಅದಕ್ಕೆ ಅಂಟಿಸಿದ ಫೋಟೋ, ಆ ಅಟ್ಯಾಚ್‌ಮೆಂಟು, ಮಾಲು. ಒಂದೊಂದೇ ಪತ್ರ ತೆರೆದು, ಫೋಟೋ ಇಳಿಸಿ, "ಕಿಟಕಿ" ಅನ್ನೋ ಫೋಲ್ಡರಿನಲ್ಲಿ ಕಿಟಕಿ-೧, ಕಿಟಕಿ-೨ ಅಂತ ಹೆಸರಿಟ್ಟು, ಖಾಲಿಯಾದ ಪತ್ರವನ್ನು ಡಿಲೀಟ್ ಮಾಡಿದೆ. ಆಳೆತ್ತರದ ಕಿಟಕಿ, ಅಂಗೈಯಗಲದ ಕಿಟಕಿ, ಬೆಕ್ಕು ಕೂತ ಕಿಟಕಿ. ಬೆರಳು ಮರಗಟ್ಟಿತು. ಬಿಡಲಿಲ್ಲ. ಆರುನೂರ ಹದಿನಾಲ್ಕು ಕಿಟಕಿ ಮುಗಿಸಿದಾಗ ಗಂಟೆ ನಾಲ್ಕು.

ಕಸದ ಬುಟ್ಟಿಯಲ್ಲಿ ಅಳಿಸಿದ ಪತ್ರಗಳೆಲ್ಲ ಇನ್ನೂ ಇದ್ದವು. "ಇದನ್ನೂ ಖಾಲಿ ಮಾಡಿದರೆ ಮತ್ತೆ ಸಿಗುವುದಿಲ್ಲ, ನಿಶ್ಚಯವೇ?" ಅಂತ ಕಂಪ್ಯೂಟರು ಕೇಳಿತು. ನಿಶ್ಚಯದ ಬಗ್ಗೆ ನನ್ನನ್ನು ಕೇಳುವುದೇ? ಒತ್ತಿದೆ.

ಸಂಜೆ ಅವಳು ಬಂದಳು. ಏಣಿಯನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು, ಕಂಪ್ಯೂಟರಿನ ಮುಂದೆ ಕೂತಳು. ನಾನು ಪಕ್ಕದಲ್ಲಿ ನಿಂತು ಹೊಗಳಿಕೆಗೆ ಕಾಯುತ್ತಿದ್ದೆ.

"ರೀ," ಅಂದಳು. ಸ್ವರ ಮೆತ್ತಗಿತ್ತು. ನನ್ನ ಹೆಂಡತಿ ಕೂಗಿದರೆ ಭಯವಿಲ್ಲ. ಮೆತ್ತಗೆ ಕರೆದರೆ ಬಾಗಿಲು ಎಲ್ಲಿದೆ ನೋಡಿಕೊಳ್ಳಬೇಕು. "ಇಲ್ಲಿ ದಪ್ಪಕ್ಷರದ ಪತ್ರಗಳಿದ್ದವಲ್ಲ, ಎಲ್ಲಿ?"

"ಎಲ್ಲ ಓದಿದ ಹಾಗೆ ಮಾಡಿದೆ."

"ಓದಿದಿರಾ?"

"ಇಲ್ಲ. ಓದಿದ ಹಾಗೆ ಮಾಡಿದೆ."

"ಮದುವೆಯಾದಾಗಿಂದ ನನ್ನ ಮಾತು ಕೇಳಿದ ಹಾಗೆ ಮಾಡ್ತಾ ಬಂದಿದ್ದೀರಲ್ಲ, ಅದೇ ವಿದ್ಯೆ. ಇಲ್ಲೂ ಉಪಯೋಗಿಸಿದಿರಿ." ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಆ ಪತ್ರಗಳನ್ನೆಲ್ಲ ನಾನು ಓದಿದ್ದೆ ರೀ. ಓದಿ, ಮತ್ತೆ ಓದದ ಹಾಗೆ ಮಾಡಿ ಇಟ್ಟಿದ್ದೆ. ದಪ್ಪಕ್ಷರ ಇದ್ದರೆ ಆ ಪರದೆಯ ಕೆಲಸ ಬಾಕಿ ಇದೆ ಅಂತ. ಮುಗಿದಮೇಲೆ ತೆಳ್ಳಗೆ ಮಾಡ್ತೀನಿ. ಹನ್ನೊಂದು ವರ್ಷದಿಂದ ಇದೇ ನನ್ನ ಪದ್ಧತಿ."

ನಾನು ಖಾಕಿ ಅಂಗಿಯ ಕಾಲರು ಸರಿಮಾಡಿಕೊಂಡೆ.

"ಪರವಾಗಿಲ್ಲ," ಅಂದೆ. "ಮಾಲು ಭದ್ರವಾಗಿದೆ. ಆರುನೂರ ಹದಿನಾಲ್ಕು ಕಿಟಕಿ. ಒಂದೂ ಕಳೆದಿಲ್ಲ."

ಅವಳು ಫೋಲ್ಡರು ತೆರೆದಳು. ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಹೆಂಡತಿ ಕಿಟಕಿಗಳನ್ನು ಮುಖಗಳ ಹಾಗೆ ಗುರುತು ಹಿಡಿಯುತ್ತಾಳೆ. "ಇದು ಹಲ್ಲಿನ ಡಾಕ್ಟರದು. ಇದು ಬೇಕರಿಯವರದು, ಗಾಜಿನ ಮೇಲೆ ಹಿಟ್ಟಿನ ಕೈ ನೋಡಿ. ಇದು ಓರೆ ಕಿಟಕಿ, ಪಾಪ, ಮನೆ ಕಟ್ಟುವಾಗ ಮೇಸ್ತ್ರಿಗೆ ಜ್ವರ ಇತ್ತಂತೆ." ಹೇಳುತ್ತಾ ಹೇಳುತ್ತಾ ಅವಳ ಕೈ ನಿಂತಿತು. ಒಂದೇ ಥರದ ಇಪ್ಪತ್ತೆರಡು ಕಿಟಕಿಗಳು ಸಾಲಾಗಿ ಬಂದವು. ಅವಳಿಜವಳಿ ಅಂತಾರಲ್ಲ, ಇವು ಇಪ್ಪತ್ತೆರಡು ಜವಳಿ.

"ಗ್ರಂಥಾಲಯದವು," ಅಂದಳು. "ಹೊಸ ಓದುವ ಕೋಣೆ. ಶನಿವಾರ ಬೆಳಿಗ್ಗೆ ತೆರೀತಾರೆ, ಅಷ್ಟರಲ್ಲಿ ಪರದೆ ತೂಗಬೇಕು. ನೋಡೋಕೆ ಒಂದೇ ಥರ, ಅಳತೆ ಒಂದೊಂದಕ್ಕೆ ಒಂದೊಂದು ಬೆರಳು ಹೆಚ್ಚುಕಮ್ಮಿ. ನನ್ನ ಕೈಗೆ ಇಷ್ಟು ದೊಡ್ಡ ಕೆಲಸ ಬಂದಿದ್ದು ಇದೇ ಮೊದಲು. ನಾಳೆ ಕತ್ತರಿಸಬೇಕು. ಅಳತೆ ಎಲ್ಲಿ?"

"ಅಳತೆ ಫೋಟೋದಲ್ಲಿ ಇರಲ್ವಾ?"

"ಅಳತೆ ಪತ್ರದಲ್ಲಿ ಬರೆದಿದ್ರು."

"ಪತ್ರ ಅಂದ್ರೆ… ಪೆಟ್ಟಿಗೆ."

"ಯಾವ ಪೆಟ್ಟಿಗೆ?"

ಪೆಟ್ಟಿಗೆಯ ಸಿದ್ಧಾಂತವನ್ನು ನಾನು ಆದಷ್ಟು ಚಿಕ್ಕದಾಗಿ ವಿವರಿಸಿದೆ. ಮಂಚದ ಮೇಲೆ ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು.

"ನೋಡಮ್ಮ," ಅಂತ ಮಗಳಿಗೆ ಹೇಳಿದರು, "ಅವರದೇನೂ ತಪ್ಪಿಲ್ಲ. ನಾನಾದರೂ ದೂರ ನಿಂತು ನೋಡಿದೆ. ನೀನು ತೀರಾ ಹತ್ತಿರ ಕೂತು ನೋಡ್ತಿದ್ದೀಯ."

ನಾನು ಎದ್ದು ನಿಂತೆ. ಕೆಡಿಸಿದವನು ಕಟ್ಟಲೂ ಬಲ್ಲ. "ನಾಳೆ ನಾನೇ ಗ್ರಂಥಾಲಯಕ್ಕೆ ಹೋಗಿ ಇಪ್ಪತ್ತೆರಡು ಕಿಟಕಿಯನ್ನೂ ಅಳೆದು ತರ್ತೀನಿ. ಇದು ಉಗ್ರಾಣಿಯ ಮಾತು."

ಅವಳು ನನ್ನನ್ನು ನೋಡಿದಳು, ತನ್ನ ತಾಯಿಯನ್ನು ನೋಡಿದಳು, ಏಣಿಯನ್ನು ನೋಡಿದಳು. "ಆಗಲಿ," ಅಂದಳು. "ನಿಧಾನವಾಗಿ ಅಳೀರಿ. ಒಂದೊಂದನ್ನೂ ಎರಡೆರಡು ಸಲ ಅಳೀರಿ."

ಮರುದಿನ ಒಂಬತ್ತೂವರೆಗೆ ಏಣಿ ಹೊತ್ತು ಹೊರಟೆ. ಗ್ರಂಥಾಲಯದಲ್ಲಿ ಹೊಸ ಕೋಣೆ ಇನ್ನೂ ತೆರೆದಿರಲಿಲ್ಲ, ಆದರೆ ಹಳೇ ಕೋಣೆಗೂ ಇದಕ್ಕೂ ನಡುವೆ ಗೋಡೆಯೂ ಇರಲಿಲ್ಲ. ಓದುವವರು ಸಾಲಾಗಿ ಕೂತಿದ್ದರು. ಏಣಿ ಎಳೆದರೆ "ಶ್". ಟೇಪು ಬಿಟ್ಟ ಕೂಡಲೇ ಅದು ಸರ್ರನೆ ಒಳಗೆ ಓಡಿ ಟಪ್ ಅನ್ನುತ್ತಿತ್ತು. ಅದಕ್ಕೂ "ಶ್". ಆರನೇ ಕಿಟಕಿಯ ಹೊತ್ತಿಗೆ ನಾನು ಉಸಿರು ಬಿಟ್ಟರೂ "ಶ್" ಅನ್ನುವ ಒಬ್ಬ ಮುದುಕರು ತಯಾರಾದರು. ಊಟವಿಲ್ಲ, ನೀರಿಲ್ಲ. ಒಂದೊಂದನ್ನೂ ಎರಡೆರಡು ಸಲ. ಮಂಡಿ ಮುರಿದ ಒಂಟೆಯ ಹಾಗೆ ಹತ್ತಿ ಇಳಿದು, ಹತ್ತಿ ಇಳಿದು, ನಾಲ್ಕು ಗಂಟೆಗೆ ಮುಗಿಸಿದೆ. ಎಣಿಸಿದರೆ ಇಪ್ಪತ್ಮೂರು ಕಿಟಕಿ. (ಒಂದು ಸೂಚನಾ ಫಲಕವಾಗಿತ್ತು. ಅದರ ಮೇಲೆ ಗಾಜು ಹಾಕಿದ್ದು ಅವರ ತಪ್ಪು.)

ಉಗ್ರಾಣಿ ಯಾವ ಕಾಗದವನ್ನೂ ಸಹಿ ಇಲ್ಲದೆ ಒಯ್ಯುವುದಿಲ್ಲ. ಪಟ್ಟಿಯನ್ನು ಗ್ರಂಥಪಾಲಕಿಯ ಮುಂದಿಟ್ಟೆ. ಆಕೆ ಕನ್ನಡಕ ಏರಿಸಿ ಓದಿದರು.

"ಚೆನ್ನಾಗಿ ಅಳೆದಿದ್ದೀರಿ ಸರ್. ನಮ್ಮ ಅಳತೆಗೆ ಸರಿಯಾಗಿ ಕೂಡುತ್ತೆ."

"ನಿಮ್ಮ ಅಳತೆಯಾ? ಅದು ಎಲ್ಲಿದೆ ಈಗ?"

"ನಾನು ಕಳಿಸಿದ ಪತ್ರ ಸರ್. ಕಳಿಸಿದ ಪತ್ರದ ಪ್ರತಿ ಕಳಿಸಿದವರ ಹತ್ತಿರ ಉಳಿದಿರುತ್ತಲ್ಲ, ಬೇರೆ ಖಾನೆಯಲ್ಲಿ. ಬೆಳಿಗ್ಗೆ ನಿಮ್ಮ ಮನೆಯವರು ಫೋನ್ ಮಾಡಿದ್ರು, ಒಂಬತ್ತಕ್ಕೆಲ್ಲ ಮತ್ತೆ ಕಳಿಸಿಬಿಟ್ಟೆ. ಎರಡು ನಿಮಿಷದ ಕೆಲಸ."

ಒಂಬತ್ತಕ್ಕೆ. ನಾನು ಆಗ ಮನೆಯ ಹಿಂದೆ ಏಣಿಯ ಧೂಳು ಒರೆಸುತ್ತಿದ್ದೆ.

"ಹಾಗಾದ್ರೆ ನನ್ನನ್ನ ಯಾಕೆ ಇಲ್ಲಿಗೆ…"

"ಅದು ನಂಗೊತ್ತಿಲ್ಲ ಸರ್. 'ನಾಲ್ಕು ಗಂಟೆವರೆಗೂ ಅವರು ಅಲ್ಲೇ ಇದ್ದರೆ ನಿಮಗೇನೂ ತೊಂದರೆ ಇಲ್ಲ ತಾನೆ' ಅಂತ ಕೇಳಿದ್ರು. ಮನೆಯಲ್ಲಿ ಏನೋ ಮುಖ್ಯವಾದ ಕೆಲಸ ಇರಬೇಕು ಅಂದ್ಕೊಂಡೆ."

ಮುಖ್ಯವಾದ ಕೆಲಸವೇ ಇತ್ತು. ನಾನು ಮನೆಗೆ ಬಂದಾಗ ಗ್ರಂಥಾಲಯದ ಬಟ್ಟೆಯೆಲ್ಲ ಕತ್ತರಿಸಿ, ಮಡಿಸಿ, ಅತ್ತೆಯ ಮಂಚದ ಮೇಲೆ ಬೆಟ್ಟದ ಹಾಗೆ ಒಟ್ಟಿತ್ತು. ಕಂಪ್ಯೂಟರಿನಲ್ಲಿ ಮೂವತ್ತಮೂರು ಪತ್ರಗಳು ದಪ್ಪಕ್ಷರದಲ್ಲಿ ಮತ್ತೆ ಬಂದು ಕೂತಿದ್ದವು. "ಓರೆ ಕಿಟಕಿ" ಮತ್ತೆ ಓರೆ ಕಿಟಕಿಯೇ ಆಗಿತ್ತು. "ಇಪ್ಪತ್ತೆರಡು" ತನ್ನ ಜಾಗಕ್ಕೆ ಮರಳಿತ್ತು.

"ಉಳಿದವರ ಪತ್ರ ಹೇಗೆ ಸಿಕ್ಕಿತು?" ಅಂತ ಮೆಲ್ಲಗೆ ಕೇಳಿದೆ.

"ನೀವು ಒಂದು ಗುಂಪು ಮಾಡಿದ್ರಲ್ಲ, ಗಿರಾಕಿಗಳು ಅಂತ. ನಿಮ್ಮ ಪುಸ್ತಕ ನೋಡಿಕೊಂಡು ಎಲ್ಲರಿಗೂ ಒಂದೇ ಪತ್ರ ಹಾಕಿದೆ. 'ಪರದೆ ಬಾಕಿ ಇರೋರು ನಿಮ್ಮ ಪತ್ರ ಇನ್ನೊಂದು ಸಲ ಕಳಿಸಿ' ಅಂತ. ಇನ್ನು ಐದು ಜನ ಬಾಕಿ." ಆಮೇಲೆ, ಕತ್ತರಿಯನ್ನು ಒರೆಸುತ್ತಾ, ನನ್ನ ಕಡೆ ನೋಡದೆ ಅಂದಳು: "ಅದೊಂದು ಉಪಯೋಗಕ್ಕೆ ಬಂತು."

ಮೂವತ್ತೊಂದು ವರ್ಷದ ಸೇವೆಗೆ ಕಾರ್ಖಾನೆಯವರು ಕೊಟ್ಟ ಗೋಡೆ ಗಡಿಯಾರಕ್ಕಿಂತ ಆ ಮಾತು ನನಗೆ ದೊಡ್ಡದಾಗಿ ಕಂಡಿತು.

ಶುಕ್ರವಾರ ಸಂಜೆಯೇ ಪರದೆಗಳು ತೂಗಿದವು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ನೆಲದಿಂದ ಒಂದು ಬೆರಳು ಮೇಲೆ, ಅಳತೆಗೆ ಸರಿಯಾಗಿ. ಏಣಿಯ ಮೇಲೆ ನಾನು, ಕೆಳಗೆ ಅವಳು. ಆ ಮುದುಕರು ಕೂಡ "ಶ್" ಅನ್ನಲಿಲ್ಲ.

ಭಾನುವಾರ ಅವಳು ಸ್ನಾನಕ್ಕೆ ಹೋದಾಗ ಅತ್ತೆಯ ಅಪ್ಪಣೆ ಪಡೆದು ಹತ್ತು ನಿಮಿಷ ಕಂಪ್ಯೂಟರಿನ ಮುಂದೆ ಕೂತೆ. (ಅತ್ತೆ ಈಗ ಸೂಜಿ ಹಿಡಿದು ಅದರ ಪಕ್ಕದಲ್ಲೇ ಕೂರುತ್ತಾರೆ.) ನನ್ನದೇ ವಿಳಾಸದಿಂದ ನನ್ನ ಹೆಂಡತಿಗೆ ಒಂದು ಇಮೇಲ್ ಬರೆದೆ. ತಪ್ಪಾಯಿತು, ಇನ್ನು ಮೇಲೆ ನಿನ್ನ ಪದ್ಧತಿಗೆ ಕೈ ಹಾಕುವುದಿಲ್ಲ, ನೀನು ಹೇಳಿದ ಕೆಲಸ ಮಾಡಿಕೊಂಡಿರುತ್ತೇನೆ ಅಂತ. ಅಟ್ಯಾಚ್‌ಮೆಂಟ್ ಏನೂ ಇಡಲಿಲ್ಲ. ಎಲ್ಲವನ್ನೂ ಪೆಟ್ಟಿಗೆಯ ಮೇಲೇ ಬರೆದೆ.

ಮಧ್ಯಾಹ್ನ ಇಣುಕಿ ನೋಡಿದೆ. ಪತ್ರ ದಪ್ಪಕ್ಷರದಲ್ಲಿ ಹಾಗೇ ಕೂತಿತ್ತು. ಸಂಜೆಯೂ ಹಾಗೇ. ಮನಸ್ಸಿಗೆ ಪಿಚ್ಚೆನ್ನಿಸಿತು.

"ಅತ್ತೆ, ಅವಳು ನನ್ನ ಪತ್ರ ಓದಲೇ ಇಲ್ಲ ಅಂತ ಕಾಣುತ್ತೆ."

"ಯಾಕೆ ಓದಿಲ್ಲ? ಊಟಕ್ಕೆ ಮುಂಚೆನೇ ಓದಿದಳು. ನಂಗೂ ಎರಡು ಸಲ ಓದಿ ಹೇಳಿದಳು," ಅಂದರು ಅತ್ತೆ. ದಾರ ಪೋಣಿಸುತ್ತಾ, ಇನ್ನೂ ಏನಾದರೂ ಕೇಳುವುದಿದೆಯಾ ಅನ್ನುವ ಹಾಗೆ ನನ್ನ ಮುಖ ನೋಡಿದರು.

ಕೇಳುವುದೇನೂ ಇರಲಿಲ್ಲ. ಪದ್ಧತಿ ನನಗೆ ಗೊತ್ತಲ್ಲ.

ಇವತ್ತಿಗೆ ಒಂಬತ್ತು ವಾರವಾಯಿತು. ಬೇಕರಿ, ಮಹಡಿ ಮೇಲಿನ ಗಲಾಟೆ, ಓರೆ ಕಿಟಕಿ, ಎಲ್ಲರ ಪತ್ರಗಳೂ ಒಂದೊಂದಾಗಿ ತೆಳ್ಳಗಾದವು. ಎಲ್ಲ ಮನೆಗೂ ಏಣಿ ಹೊತ್ತವನು ನಾನೇ. ಹೊಸ ಪತ್ರಗಳು ಬಂದು ದಪ್ಪಗಾಗಿ, ಅವೂ ತೆಳ್ಳಗಾಗುತ್ತಿವೆ. ನನ್ನದು ಮಾತ್ರ ಮೊದಲ ದಿನದಷ್ಟೇ ದಪ್ಪಗಿದೆ. ಅದನ್ನು ತೆಳ್ಳಗೆ ಮಾಡುವ ಗುಂಡಿ ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಈ ಮನೆಯಲ್ಲಿಲ್ಲ. ಕೈ ಅಲ್ಲಿಯವರೆಗೂ ಹೋಗುತ್ತೆ. ಆಗ ಒಳಗಿನಿಂದ "ರೀ" ಅಂತ ಮೆತ್ತಗೆ ಕೂಗು ಬರುತ್ತೆ. ನಾನು ಏಣಿ ಎತ್ತಿಕೊಳ್ಳುತ್ತೇನೆ.